ಕಾಂಬೋಡಿಯಾದ ಮಕ್ಕಳ ಆಸ್ಪತ್ರೇಲಿ ಒಂದು ವರ್ಷ, ಮೆಷಿನ್ ರಿಪೇರಿ ಕಡೆಯಿಂದ

ಹೊರದೇಶದ ಮಕ್ಕಳ ಆಸ್ಪತ್ರೇಲಿ ಒಂದ್ ವರ್ಷ ವಾಲಂಟಿಯರ್ ಆಗಿದ್ದೆ ಅಂದ್ರೆ ಎಲ್ರೂ ಮೊದ್ಲು ಕೇಳೋದು ನೀವು ಡಾಕ್ಟ್ರಾ ನರ್ಸಾ ಅಂತ. ಎರಡೂ ಅಲ್ಲ, ಬಯೋಮೆಡಿಕಲ್ ಇಂಜಿನಿಯರ್ ಅಂದ್ರೆ ಮುಖದಲ್ಲಿ ಸ್ವಲ್ಪ ನಿರಾಸೆ ಕಾಣುತ್ತೆ. ಮಗು ಪಕ್ಕ ಕುಯ್ಯೋ ಅನ್ನೋ ಮಾನಿಟರ್, ಆಕ್ಸಿಜನ್ ಕೊಡೋ ಮೆಷಿನ್ನು, ಕಾಮಾಲೆ ಆದ ಮಗುಗೆ ಹಾಕೋ ನೀಲಿ ಲೈಟು, ಡ್ರಿಪ್ ಓಡ್ಸೋ ಪಂಪು, ಇವೆಲ್ಲ ಕೆಟ್ಟು ಕೂತ್ರೆ ಸರಿ ಮಾಡೋದು ನಮ್ ಕೆಲ್ಸ. ಚಾರಿಟಿ ಆಸ್ಪತ್ರೆಗಳಿಗೆ ಹೊರಗಿಂದ ಡಾಕ್ಟರ್‌ಗಳು ಬರ್ತಾರೆ, ನರ್ಸ್‌ಗಳು ಬರ್ತಾರೆ, ಆದ್ರೆ ಸ್ಕ್ರೂಡ್ರೈವರ್ ಹಿಡ್ಕೊಂಡು ಬರೋರು ಕಮ್ಮಿ, ಹಾಗಾಗಿ ನನ್ನಂಥವರಿಗೆ ಅಲ್ಲಿ ಕೆಲ್ಸ ಸಿಕ್ಕಾಪಟ್ಟೆ ಇರುತ್ತೆ. ಈ ಥರ ಹೋಗ್ಬೇಕು ಅಂತ ಯೋಚ್ನೆ ಮಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಜಾಗ ಹುಡುಕೋದೇ ದೊಡ್ಡ ಕೆಲ್ಸ. ನೆಟ್ಟಲ್ಲಿ ವಾಲಂಟಿಯರ್ ಅಂತ ಹೊಡೆದ್ರೆ ಮೊದ್ಲು ಬರೋದೆಲ್ಲ ನಮ್ಮತ್ರಾನೇ ದುಡ್ಡು ಕಿತ್ಕೊಂಡು ಎರಡು ವಾರ ಮಕ್ಕಳ ಜೊತೆ ಫೋಟೋ ತೆಗ್ಸೋ ಏಜೆನ್ಸಿಗಳು. ಅನಾಥಾಶ್ರಮದ ಪ್ರೋಗ್ರಾಮ್ ಆದ್ರಂತೂ ದಯವಿಟ್ಟು ದೂರ ಇರಿ, ಕಾಂಬೋಡಿಯಾದಲ್ಲಿ ಅಂಥ ಕಡೆ ಇರೋ ಬಹುಪಾಲು ಮಕ್ಕಳಿಗೆ ಅಪ್ಪ ಅಮ್ಮ ಇಬ್ರಲ್ಲಿ ಒಬ್ರಾದ್ರೂ ಬದುಕಿರ್ತಾರೆ, ಟೂರಿಸ್ಟ್ ದುಡ್ಡಿಗೋಸ್ಕರ ಮಕ್ಕಳನ್ನ ಮನೆಯಿಂದ ತಂದಿಟ್ಕೊಳ್ಳೋದು ಅಲ್ಲಿ ದೊಡ್ಡ ಗಲಾಟೆಯಾಗಿ 2011ರಲ್ಲಿ ಮಕ್ಕಳು ಪ್ರವಾಸಿ ಆಕರ್ಷಣೆ ಅಲ್ಲ ಅಂತ ಒಂದು ಕ್ಯಾಂಪೇನೇ ನಡೀತು. ಆಸ್ಪತ್ರೆ ಅಂದ್ರೂ ಅಷ್ಟೇ, ಯಾವ ಆಸ್ಪತ್ರೆ ನಿಮ್ಮ ಡಿಗ್ರಿ, ಅನುಭವ ಏನೂ ಕೇಳ್ದೆ ಬನ್ನಿ ಬನ್ನಿ ಅನ್ನುತ್ತೋ ಅಲ್ಲಿಗೆ ಹೋಗ್ಬೇಡಿ. ನಾನು ಹೋದ ಜಾಗ ಉಲ್ಟಾ ಇತ್ತು. ಮೂರು ತಿಂಗಳಿಗೆ ಬರ್ತೀನಿ ಅಂತ ಮೇಲ್ ಹಾಕಿದ್ರೆ ಬೇಡ, ಒಂದು ವರ್ಷ ಇರೋಕಾದ್ರೆ ಮಾತಾಡೋಣ ಅಂದ್ರು. ಆಗ ಇವ್ರಿಗೆ ಸ್ವಲ್ಪ ಕೊಬ್ಬು ಜಾಸ್ತಿ ಅಂತ ಅನ್ಸಿತ್ತು. ಯಾಕೆ ಹಂಗಂದ್ರು ಅಂತ ಆಮೇಲೆ ಗೊತ್ತಾಯ್ತು.

ವಿಡಿಯೋ ಇಂಟರ್‌ವ್ಯೂನಲ್ಲಿ ಅವರ ನರ್ಸಿಂಗ್ ಹೆಡ್ ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ. ಪಾರ್ಟ್ ಸಿಗಲ್ಲ, ಮ್ಯಾನ್ಯುಯಲ್ ಇಲ್ಲ, ಕಂಪನಿಯವರು ಫೋನ್ ಎತ್ತಲ್ಲ, ಏನ್ ಮಾಡ್ತೀರ? ಮೆಷಿನ್ ಬಿಚ್ಚಿ ನೋಡ್ತೀನಿ ಅಂದೆ. ಅದು ಎಲ್ರೂ ಮಾಡ್ತಾರೆ, ಅಷ್ಟೊತ್ತು ಮಗುಗೆ ಏನ್ ಮಾಡ್ತೀರ ಅಂದ್ರು. ಸ್ಪೇರ್ ಮೆಷಿನ್ ರೆಡಿ ಇಟ್ಟಿರ್ಬೇಕು ಅನ್ನೋ ಉತ್ರ ಅವ್ರಿಗೆ ಬೇಕಾಗಿದ್ದಿದ್ದು, ಅಷ್ಟು ಸಿಂಪಲ್.

ಪೇಪರ್ ಕೆಲ್ಸ ತುಂಬಾ ಇರುತ್ತೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಇಲ್ದೆ ಮಕ್ಕಳ ಆಸ್ಪತ್ರೆ ಯಾರನ್ನೂ ತಗೊಳ್ಳಲ್ಲ, ತಗೋಬಾರದು ಕೂಡ. ಮಕ್ಕಳ ರಕ್ಷಣೆ ಪಾಲಿಸಿಗೆ ಸೈನ್ ಹಾಕ್ಬೇಕು, ಅದರಲ್ಲಿ ವಾರ್ಡಲ್ಲಿ ಸ್ವಂತ ಫೋನ್‌ನಲ್ಲಿ ಫೋಟೋ ತೆಗಿಯೋ ಹಾಗಿಲ್ಲ, ಮಗು ಜೊತೆ ಒಬ್ರೇ ಇರೋ ಹಾಗಿಲ್ಲ, ಹೊರಗಡೆ ಅವ್ರ ಮನೆಗೆ ಹೋಗೋ ಹಾಗಿಲ್ಲ ಅಂತೆಲ್ಲ ಇರುತ್ತೆ. ಹೆಪಟೈಟಿಸ್ ಬಿ, ಟೈಫಾಯ್ಡ್ ಇಂಜೆಕ್ಷನ್ ಹಾಕಿಸ್ಕೊಂಡೆ, ಬೀದಿ ನಾಯಿ ಜಾಸ್ತಿ ಅಂತ ರೇಬೀಸ್‌ದೂ ಮೊದ್ಲೇ ಆಯ್ತು. ವೀಸಾ ವಿಷ್ಯದಲ್ಲಿ ಒಂದು ಗಮನ ಇಟ್ಕೊಳ್ಳಿ, ಟೂರಿಸ್ಟ್ ವೀಸಾದಲ್ಲಿ ಹೋಗ್ಬೇಡಿ. ಆರ್ಡಿನರಿ ಅಂತ ಕರಿಯೋ ಇ ಕ್ಲಾಸ್ ವೀಸಾ ತಗೋಬೇಕು, ನಾನು ಹೋದಾಗ 35 ಡಾಲರ್, ಅದನ್ನ ಮಾತ್ರ ಅಲ್ಲೇ ಇದ್ಕೊಂಡು ಒಂದು ವರ್ಷಕ್ಕೆ ಎಕ್ಸ್‌ಟೆಂಡ್ ಮಾಡಿಸ್ಬೋದು. ಸಂಬಳ ಇಲ್ದೇ ಇದ್ರೂ ವರ್ಕ್ ಪರ್ಮಿಟ್ ಬೇಕು, ಅದನ್ನ ಆಸ್ಪತ್ರೆಯವರೇ ನೋಡ್ಕೊಂಡ್ರು. ನಂಗೆ ಅವ್ರು ಕೊಟ್ಟಿದ್ದು ಒಂದು ರೂಮು, ಒಂದು ಸೈಕಲ್ಲು. ಊಟ, ಫ್ಲೈಟು, ಇನ್ಶೂರೆನ್ಸ್ ಎಲ್ಲ ಕೈಯಿಂದ. ಇನ್ಶೂರೆನ್ಸಲ್ಲಿ ಬೇರೆ ದೇಶಕ್ಕೆ ಸಾಗಿಸೋ ಖರ್ಚು ಸೇರಿದೆಯಾ ನೋಡ್ಕೊಳ್ಳಿ, ಅಲ್ಲಿ ದೊಡ್ಡವರಿಗೆ ಏನಾದ್ರೂ ಸೀರಿಯಸ್ ಆದ್ರೆ ಕೈಲಾದೋರು ಬ್ಯಾಂಕಾಕ್‌ಗೆ ಹೋಗ್ತಾರೆ.

ಆಸ್ಪತ್ರೆ ಹೆಸ್ರು ಹೇಳಲ್ಲ. ದೇಶದ ವಾಯವ್ಯ ಭಾಗದಲ್ಲಿ, ತೊನ್ಲೆ ಸಾಪ್ ಸರೋವರದಿಂದ ತುಂಬಾ ದೂರ ಏನಿಲ್ಲ. ಕಾಂಬೋಡಿಯಾದಲ್ಲಿ ಮಕ್ಕಳಿಗೆ ಅಂತಾನೇ ದಾನದ ದುಡ್ಡಲ್ಲಿ ನಡೆಯೋ ಆಸ್ಪತ್ರೆ ಯಾಕೆ ಬಂತು ಅನ್ನೋದಕ್ಕೆ ಹಿಂದಿನ ಕಥೆ ಸ್ವಲ್ಪ ಗೊತ್ತಿರ್ಬೇಕು. 1975ರಿಂದ 1979ರವರೆಗೆ ಖಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪಿನ ಆಳ್ವಿಕೇಲಿ ಓದಿದವರನ್ನ ಹುಡುಕಿ ಹುಡುಕಿ ಕೊಂದ್ರು, ಕೊನೆಗೆ ಇಡೀ ದೇಶದಲ್ಲಿ ಉಳಿದಿದ್ದ ಡಾಕ್ಟರ್‌ಗಳು ಬೆರಳೆಣಿಕೆಯಷ್ಟು. ಡಾಕ್ಟರ್ ಇಲ್ಲ ಅಂದ್ರೆ ಕಲಿಸೋರೂ ಇಲ್ಲ. ಸ್ವಿಸ್ ಮಕ್ಕಳ ಡಾಕ್ಟರ್ ಬೀಟ್ ರಿಚ್ನರ್ ಖಮೇರ್ ರೂಜ್ ಬರೋಕೆ ಮುಂಚೆ ರಾಜಧಾನಿ ಫ್ನೋಮ್ ಪೆನ್‌ನ ಕಂಥಾ ಬೋಫಾ ಮಕ್ಕಳ ಆಸ್ಪತ್ರೇಲಿ ಕೆಲ್ಸ ಮಾಡಿದ್ರು, ರಾಜ ಸಿಹನೂಕ್ ಕೇಳ್ಕೊಂಡ್ರು ಅಂತ ವಾಪಸ್ ಬಂದು 1992ರಲ್ಲಿ ಅದನ್ನ ಮತ್ತೆ ಶುರು ಮಾಡಿದ್ರು. ಚೆಲ್ಲೋ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸಿ ಟೂರಿಸ್ಟ್‌ಗಳ ಹತ್ರ ದುಡ್ಡೆತ್ತೋರು, ರಕ್ತನೂ ಕೇಳೋರು. ಬಡವರಿಗೆ ಬಡ ವೈದ್ಯಕೀಯ ಸಾಕು ಅನ್ನೋ ವಾದಾನ ಅವ್ರು ಕೊನೆವರೆಗೂ ಒಪ್ಪಲಿಲ್ಲ, 2018ರಲ್ಲಿ ತೀರ್ಕೊಂಡ್ರು. ಸಿಯೆಮ್ ರೀಪ್‌ನಲ್ಲಿ ಜಪಾನಿನ ಫೋಟೋಗ್ರಾಫರ್ ಕೆನ್ರೋ ಇಜು ಶುರು ಮಾಡಿದ ಅಂಕೋರ್ ಮಕ್ಕಳ ಆಸ್ಪತ್ರೆ 1999ರಲ್ಲಿ ತೆರೀತು. ಅಂಕೋರ್ ದೇವಸ್ಥಾನಗಳ ಫೋಟೋ ತೆಗಿಯೋಕೆ ಬಂದೋರು ಆಸ್ಪತ್ರೆ ಕಟ್ಟಿ ಹೋದ್ರು ನೋಡಿ. ನಾನಿದ್ದ ಜಾಗ ಇವಕ್ಕಿಂತ ತುಂಬಾ ಚಿಕ್ಕದು, ಆದ್ರೆ ಅದೇ ಹಾದಿ, ಮಗುಗೆ ಫ್ರೀ, ದುಡ್ಡು ಹೊರಗಡೆ ದಾನಿಗಳದ್ದು.

ನಾನು ಅಲ್ಲಿಗೆ ಹೋದ ಮೊದಲ ವಾರಾನೇ ಸ್ಟೋರ್ ರೂಮ್ ತೋರಿಸಿದ್ರು. ಬಾಗಿಲು ಪೂರ್ತಿ ತೆಗಿಯೋಕೇ ಆಗ್ಲಿಲ್ಲ, ಹಿಂದೆ ಒಂದು ಇನ್‌ಕ್ಯುಬೇಟರ್ ಅಡ್ಡ ಇತ್ತು. ಒಳಗಡೆ ಎಲ್ಲ ದಾನದ ಮೆಷಿನ್‌ಗಳು. ಅಮೆರಿಕದಿಂದ ಬಂದಿದ್ದು 120 ವೋಲ್ಟ್, ಜಪಾನಿಂದ ಬಂದಿದ್ದು 100 ವೋಲ್ಟ್, ಕಾಂಬೋಡಿಯಾದಲ್ಲಿ ಪ್ಲಗ್ಗಲ್ಲಿ ಬರೋದು 230. ಯಾರೋ ಪಾಪ ಹಾಗೇ ಚುಚ್ಚಿದಾರೆ, ಪವರ್ ಸಪ್ಲೈ ಭಸ್ಮ. ಮಜಾ ಏನು ಅಂದ್ರೆ ಅಲ್ಲಿ ಗೋಡೆ ಸಾಕೆಟ್ಟಿಗೆ ಅಮೆರಿಕದ ಚಪ್ಪಟೆ ಪಿನ್ನೂ ಹೋಗುತ್ತೆ, ಹಾಗಾಗಿ ತಡೆಯೋಕೆ ಏನೂ ಇಲ್ಲ. ಕೆಲವು ಮೆಷಿನ್ ಚೆನ್ನಾಗೇ ಇದ್ವು ಆದ್ರೆ ಅದಕ್ಕೆ ಅದೇ ಕಂಪನಿಯ ಟ್ಯೂಬ್ ಮಾತ್ರ ಆಗೋದು, ಆ ಟ್ಯೂಬ್ ಒಂದೊಂದೂ ಒಂದು ಸಲ ಹಾಕಿ ಬಿಸಾಡೋದು, ಫ್ನೋಮ್ ಪೆನ್‌ನಲ್ಲಿ ಯಾರೂ ಮಾರಲ್ಲ. ದೊಡ್ಡವರ ಬಿಪಿ ಪಟ್ಟಿ ಇರೋ ಮಾನಿಟರ್ ಒಂದಷ್ಟು, ಮಕ್ಕಳ ತೋಳಿಗೆ ಸುತ್ತಿದ್ರೆ ಎರಡು ಸುತ್ತು ಬರುತ್ತೆ. ಜರ್ಮನ್ ಭಾಷೆಯ ಮ್ಯಾನ್ಯುಯಲ್. ಒಂದು ಪೆಟ್ಟಿಗೇಲಿ ಬರೀ ರಿಮೋಟ್ ಕಂಟ್ರೋಲ್‌ಗಳು, ಯಾವುದಕ್ಕೆ ಅಂತ ಕೊನೆವರೆಗೂ ಗೊತ್ತಾಗ್ಲಿಲ್ಲ. ಹಲ್ಲಿ ಮೊಟ್ಟೆ ಇಲ್ಲದ ಸರ್ಕ್ಯೂಟ್ ಬೋರ್ಡ್ ಇಲ್ವೇ ಇಲ್ಲ ಅನ್ಬೋದು. ಇದು ಆ ಒಂದು ಆಸ್ಪತ್ರೆ ಕಥೆ ಅಂದ್ಕೋಬೇಡಿ, 2011ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಬಡ ದೇಶಗಳ ಆಸ್ಪತ್ರೆ ಉಪಕರಣಗಳಲ್ಲಿ ಹೆಚ್ಚುಕಮ್ಮಿ ಶೇಕಡ 40 ಕೆಲ್ಸ ಮಾಡ್ತಿರ್ಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ದಾನ ಹೇಗೆ ಕೊಡ್ಬೇಕು, ಹೇಗೆ ತಗೋಬೇಕು ಅಂತ ಒಂದು ಪುಸ್ತಕಾನೇ ತಂದಿದೆ, ಓದೋ ದಾನಿಗಳು ಎಷ್ಟು ಜನ ಇದಾರೋ.

ಮೊದಲ ತಿಂಗಳುಗಳಲ್ಲಿ ರಿಪೇರಿಗಿಂತ ಪಟ್ಟಿ ಮಾಡೋದೇ ಜಾಸ್ತಿ ಆಯ್ತು. ಎಲ್ಲ ಮೆಷಿನ್‌ಗೂ ನಂಬರ್, ಎಲ್ಲಿದೆ, ಎಷ್ಟು ವೋಲ್ಟು, ಏನು ಕೆಟ್ಟಿದೆ, ಪಾರ್ಟ್ ಎಲ್ಲಿ ಸಿಗುತ್ತೆ. ಹಸಿರು ಸ್ಟಿಕ್ಕರ್ ಅಂದ್ರೆ ಉಪಯೋಗಿಸಿ, ಹಳದಿ ಅಂದ್ರೆ ಹುಷಾರಾಗಿ, ಕೆಂಪು ಅಂದ್ರೆ ಮುಟ್ಬೇಡಿ. ಸ್ಟಿಕ್ಕರ್ ಮೇಲೆ ಅಲ್ಲಿನ ಖಮೇರ್ ಭಾಷೇಲೇ ಬರೀಬೇಕು ಅಂತ ಹಠ ಹಿಡಿದಿದ್ದು ನನ್ನ ಜೊತೆ ಇದ್ದ ಟೆಕ್ನಿಷಿಯನ್ ಹುಡುಗ. ಅವನಿಗೆ ಇಪ್ಪತ್ತೈದರ ಆಸುಪಾಸು, ಕಾಲೇಜಲ್ಲಿ ಎಲೆಕ್ಟ್ರಿಕಲ್ ಓದಿದ್ದ, ಆಸ್ಪತ್ರೇಲಿ ಅವನ ಕೆಲ್ಸ ಅಂದ್ರೆ ಜನರೇಟರ್, ಏಸಿ, ನೀರಿನ ಪಂಪು, ಮಧ್ಯ ಮಧ್ಯ ಟೈಮ್ ಸಿಕ್ರೆ ಮೆಷಿನ್ನು. ನನ್ನನ್ನ ಬಾಂಗ್ ಅಂತಿದ್ದ, ವಯಸ್ಸಲ್ಲಿ ದೊಡ್ಡವರನ್ನ ಅಣ್ಣನಾಗ್ಲಿ ಅಕ್ಕನಾಗ್ಲಿ ಅಲ್ಲಿ ಹಂಗೇ ಕರಿಯೋದು. ಅವನಿಗೆ ಕೈ ಚೆನ್ನಾಗಿತ್ತು, ಬೆಸುಗೆ ಹಾಕೋದ್ರಲ್ಲಿ ನನಗಿಂತ ನೀಟು. ಕೊರತೆ ಇದ್ದಿದ್ದು ಒಂದೇ, ವಾರ್ಡ್ ಒಳಗೆ ಹೋಗಿ ನರ್ಸ್‌ಗೆ ಇದು ತಪ್ಪಾಗಿ ಉಪಯೋಗಿಸ್ತಿದೀರ ಅಂತ ಹೇಳೋ ಧೈರ್ಯ. ಜನರೇಟರ್ ಹುಡುಗ ಬಂದು ನಂಗೆ ಪಾಠ ಹೇಳ್ತಾನಾ ಅನ್ನೋ ಥರ ನೋಡೋರು ಇದ್ರು. ಅದಕ್ಕೆ ನಾವು ಮಾಡಿದ್ದು ಏನಂದ್ರೆ ದಿನಾ ಬೆಳಗ್ಗೆ ವಾರ್ಡ್ ರೌಂಡ್ಸ್ ಮುಗಿದ್ಮೇಲೆ ನಮ್ಮದೂ ಒಂದು ರೌಂಡ್ಸ್, ಮಾತಾಡೋದು ಅವನು, ನಾನು ಹಿಂದೆ ಬ್ಯಾಗ್ ಹಿಡ್ಕೊಂಡು ನಿಂತ್ಕೊಳ್ಳೋದು. ನರ್ಸ್‌ಗಳು ಏನಾದ್ರೂ ನನ್ನ ಕಡೆ ತಿರುಗಿ ಕೇಳಿದ್ರೆ ನಾನು ಅವನ ಕಡೆ ತಿರುಗ್ತಿದ್ದೆ. ಸ್ವಲ್ಪ ನಾಟಕದ ಥರ ಕಾಣ್ತಿತ್ತು, ಆದ್ರೆ ಕೆಲ್ಸ ಆಯ್ತು.

ಆಕ್ಸಿಜನ್ ಬಗ್ಗೆ ಜಾಸ್ತಿ ಬರೀಲೇಬೇಕು. ನ್ಯುಮೋನಿಯಾ ಬಂದ ಮಗುಗೆ ಬೇಕಾಗೋದು ಆಂಟಿಬಯಾಟಿಕ್ಕು, ಆಕ್ಸಿಜನ್ನು. ಸಿಲಿಂಡರ್ ತರ್ಸೋದು ದುಬಾರಿ, ರಸ್ತೆ ಕೆಟ್ರೆ ಬರೋದೇ ಇಲ್ಲ, ಅದಕ್ಕೆ ಗಾಳಿಯಿಂದಾನೇ ಆಕ್ಸಿಜನ್ ಬೇರೆ ಮಾಡೋ ಕಾನ್ಸಂಟ್ರೇಟರ್ ಇಟ್ಕೋತಾರೆ. ಗಾಳೀಲಿ ಆಕ್ಸಿಜನ್ ಇರೋದು ಶೇಕಡ 21, ಮಿಕ್ಕಿದ್ದು ಹೆಚ್ಚಿಗೆ ನೈಟ್ರೋಜನ್. ಮೆಷಿನ್ ಒಳಗೆ ಜಿಯೋಲೈಟ್ ಅನ್ನೋ ಬಿಳಿ ಕಾಳು ತುಂಬಿದ ಎರಡು ಕೊಳವೆ ಇರ್ತವೆ, ಗಾಳೀನ ಒತ್ತಿ ಅದರೊಳಗೆ ಬಿಟ್ರೆ ನೈಟ್ರೋಜನ್ನ ಕಾಳು ಹಿಡ್ಕೊಳ್ಳುತ್ತೆ, ಹೊರಗೆ ಬರೋದು ಶೇಕಡ 93ರ ಆಸುಪಾಸಿನ ಆಕ್ಸಿಜನ್. ಒಂದು ಕೊಳವೆ ತುಂಬಿದಾಗ ಇನ್ನೊಂದು ಕೆಲ್ಸ ಮಾಡುತ್ತೆ, ಹಾಗೆ ಕೆಲವೇ ಸೆಕೆಂಡಿಗೆ ಒಂದ್ಸಲ ಅದಲು ಬದಲು, ಅದೇ ಆ ಬುಸ್ ಬುಸ್ ಸೌಂಡು. ಎಷ್ಟು ಚೆಂದದ ಮೆಷಿನ್ನು. ಆದ್ರೆ ಜಿಯೋಲೈಟ್‌ಗೆ ತೇವ ಕಂಡ್ರೆ ಆಗಲ್ಲ, ಒಂದ್ಸಲ ನೀರಿನಂಶ ಕುಡಿದ್ಬಿಟ್ರೆ ನೈಟ್ರೋಜನ್ ಹಿಡಿಯೋದು ಕಮ್ಮಿ ಮಾಡುತ್ತೆ. ಕಾಂಬೋಡಿಯಾದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ಒಗೆದ ಬಟ್ಟೆ ಒಣಗಲ್ಲ, ಅಂಥಾ ಗಾಳೀನೇ ಈ ಮೆಷಿನ್ ಎಳ್ಕೊಳ್ಳೋದು.

ಅಪಾಯ ಎಲ್ಲಿದೆ ಅಂದ್ರೆ, ಮೆಷಿನ್ ಹಾಳಾಗಿದ್ರೂ ಗಾಳಿ ಬರ್ತಾನೇ ಇರುತ್ತೆ. ಹರಿವು ತೋರ್ಸೋ ಗುಂಡು ಒಂದು ಲೀಟರ್‌ಗೇ ನಿಂತಿರುತ್ತೆ, ಸೌಂಡ್ ಬರುತ್ತೆ, ನೀರಲ್ಲಿ ಗುಳ್ಳೆ ಏಳುತ್ತೆ, ಎಲ್ಲ ಸರಿ ಇದೆ ಅಂತ ಅನ್ಸುತ್ತೆ. ಆದ್ರೆ ಬರ್ತಿರೋದ್ರಲ್ಲಿ ಆಕ್ಸಿಜನ್ ಎಷ್ಟು ಅಂತ ಅಳೆಯೋ ಮೀಟರ್ ಇಲ್ದೆ ಗೊತ್ತಾಗಲ್ಲ, ಹಳೇ ಮಾಡೆಲ್‌ಗಳಲ್ಲಿ ಅಲಾರಂ ಕೂಡ ಇರಲ್ಲ ಅಥವಾ ಯಾರೋ ಕಿರಿಕಿರಿ ಅಂತ ವೈರ್ ಕಿತ್ತಿರ್ತಾರೆ. ನಾನು ಹೋಗ್ತಾ ತಗೊಂಡ್ಹೋಗಿದ್ದ ಅತಿ ಉಪಯೋಗದ ವಸ್ತು ಅಂದ್ರೆ ಅಂಗೈ ಅಗಲದ ಆಕ್ಸಿಜನ್ ಅನಲೈಜರ್. ಮಳೆಗಾಲದ ಮಧ್ಯದಲ್ಲಿ ಎಲ್ಲಾ ಕಾನ್ಸಂಟ್ರೇಟರ್ ಅಳೆದ್ರೆ ಕೆಲವು 90ರ ಮೇಲೆ, ಕೆಲವು 80ರ ಕೆಳಗೆ, ಒಂದಂತೂ 50ರ ಹತ್ರ. 82ಕ್ಕಿಂತ ಕೆಳಗೆ ಹೋದ್ರೆ ಉಪಯೋಗಿಸ್ಬಾರದು ಅಂತ ಲೆಕ್ಕ. ಆ 50ರ ಮೆಷಿನ್ನ ಕೈಯಾರೆ ತಳ್ಕೊಂಡು ಹೊರಗೆ ಬರುವಾಗ ಇದು ಎಷ್ಟು ದಿನದಿಂದ ಹೀಗಿತ್ತೋ ಅಂತ ಯೋಚ್ನೆ ಬಂತು, ಜಾಸ್ತಿ ಯೋಚ್ನೆ ಮಾಡೋಕೆ ಹೋಗ್ಲಿಲ್ಲ. ಆವತ್ತಿಂದ ಪ್ರತಿ ಸೋಮವಾರ ಅಳೆದು ಮೆಷಿನ್ ಮೇಲೇ ನಂಬರ್ ಬರಿಯೋದು ಶುರು ಆಯ್ತು, ಹಿಂದಿನ ಫಿಲ್ಟರ್ ತೊಳೆಯೋದು ವಾರ್ಡ್ ಕ್ಲೀನಿಂಗ್‌ನವರ ಕೆಲ್ಸಕ್ಕೆ ಸೇರ್ತು. ಗೋಡೆಗೆ ಅಂಟಿಸಿ ನಿಲ್ಲಿಸ್ತಿದ್ದಿದ್ದನ್ನ ಒಂದು ಅಡಿ ಮುಂದೆ ಎಳೆದ್ವಿ, ಅದಕ್ಕೂ ಉಸಿರಾಡೋಕೆ ಜಾಗ ಬೇಕು.

ಕಾಮಾಲೆ ಲೈಟ್‌ದೂ ಇದೇ ಕಥೆ. ಹುಟ್ಟಿದ ಮಗು ಹಳದಿ ಆದ್ರೆ ನೀಲಿ ಬೆಳಕಿನ ಕೆಳಗೆ ಮಲಗಿಸ್ತಾರೆ, ಟ್ಯೂಬ್ ಲೈಟ್ ಥರದ್ದಾದ್ರೆ ಎಷ್ಟೋ ಗಂಟೆ ಉರಿದ್ಮೇಲೆ ಅದರ ಶಕ್ತಿ ಇಳಿದಿರುತ್ತೆ, ಆದ್ರೆ ಕಣ್ಣಿಗೆ ಮಾತ್ರ ನೀಲಿಯಾಗಿ ಚೆನ್ನಾಗೇ ಉರೀತಾ ಕಾಣುತ್ತೆ. ಮಗುವಿನ ರಕ್ತದಲ್ಲಿ ಹಳದಿ ಬಣ್ಣ ತರೋ ಬಿಲಿರುಬಿನ್ ಇಳೀತಿಲ್ಲ ಅಂತ ಡಾಕ್ಟ್ರು ಬೇರೆ ಕಾರಣ ಹುಡುಕ್ತಾ ಇರ್ತಾರೆ. ಮೀಟರ್ ಇಟ್ಟು ನೋಡಿದ್ರೆ 30 ಬರಬೇಕಾದ ಕಡೆ ಒಂದಂಕಿ. ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದ್ವಿ, ಮುಗೀತು.

ಪಲ್ಸ್ ಆಕ್ಸಿಮೀಟರ್ ಸೆನ್ಸರ್ ಅಂದ್ರೆ ಬೆರಳಿಗೆ ಹಾಕೋ ಕ್ಲಿಪ್ಪು, ಅದು ಕೆಟ್ಟರೆ ನೂರಕ್ಕೆ ತೊಂಬತ್ತು ಸಲ ವೈರ್ ಪ್ಲಗ್ ಹತ್ರ ಮುರಿದಿರುತ್ತೆ. ಕಾರಣ ನರ್ಸ್‌ಗಳು ವೈರನ್ನ ಮಾನಿಟರ್‌ಗೆ ಬಿಗಿಯಾಗಿ ಸುತ್ತಿಡೋದು. ಇದನ್ನ ಪ್ರತಿ ದೇಶದಲ್ಲೂ ಮಾಡ್ತಾರೆ, ಹೇಳಿ ಪ್ರಯೋಜನ ಇಲ್ಲ, ಗೋಡೆಗೆ ದೊಡ್ಡ ಕೊಕ್ಕೆ ಹೊಡೆದ್ವಿ, ನೇತುಹಾಕೋದು ಸುತ್ತೋದಕ್ಕಿಂತ ಸುಲಭ ಅಂತ ಆದಾಗ ತಾನಾಗೇ ನಿಂತ್ಹೋಯ್ತು.

ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ಊರಿಗೆ ಊರೇ ಖಾಲಿ, ಎಲ್ರೂ ಮೊಪೆಡ್, ಬೈಕ್ ಹತ್ಕೊಂಡು ಹಳ್ಳಿಗೆ ಹೋಗ್ತಾರೆ, ಒಂದು ಬೈಕಲ್ಲಿ ನಾಕು ಐದು ಜನ. ಆ ವಾರ ಆಸ್ಪತ್ರೆಗೆ ಬರೋದು ಆಕ್ಸಿಡೆಂಟ್ ಕೇಸು. ಅದೇ ಹೊತ್ತಿಗೆ ಬಿಸಿಲು ಮೈ ಸುಡೋಷ್ಟು, ಕರೆಂಟ್ ಹೋಗಿ ಬಂದು ಹೋಗಿ ಬಂದು ವೋಲ್ಟೇಜ್ ಏರುಪೇರು, ಆಗ ಸಾಯೋದು ಯುಪಿಎಸ್ ಬ್ಯಾಟರಿ, ಸ್ಟೆಬಿಲೈಜರ್. ಜೂನ್ ಜುಲೈ ಬಂದ್ರೆ ಡೆಂಗೆ. ಮಳೆ ಕೊನೇಲಿ ತೇವಕ್ಕೆ ಆಕ್ಸಿಜನ್ ಮೆಷಿನ್. ಡಿಸೆಂಬರ್ ಜನವರೀಲಿ ರಾತ್ರಿ ತಣ್ಣಗಾದಾಗ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ವಾರ್ಮರ್ ಬೇಕು, ವರ್ಷ ಪೂರ್ತಿ ಮೂಲೇಲಿ ನಿಂತಿದ್ದ ವಾರ್ಮರ್‌ನ ಚರ್ಮಕ್ಕೆ ಅಂಟಿಸೋ ಪ್ರೋಬ್ ಆಗ ನೋಡಿದ್ರೆ ಇಲಿ ಕಡಿದಿರುತ್ತೆ. ಒಂದು ವರ್ಷ ಇರ್ಬೇಕು ಅಂತ ಅವ್ರು ಹಠ ಹಿಡಿದಿದ್ದು ಇದಕ್ಕೆ. ಮೂರು ತಿಂಗಳಿಗೆ ಹೋಗಿದ್ರೆ ಒಂದು ಸೀಸನ್ ನೋಡಿ ಅದೇ ಆಸ್ಪತ್ರೆ ಅಂದ್ಕೊಂಡು ಬರ್ತಿದ್ದೆ, ಬಂದ್ಮೇಲೆ ಎಲ್ಲ ಸರಿ ಮಾಡ್ಬಂದೆ ಅಂತ ಕೊಚ್ಕೊಳ್ತಾನೂ ಇರ್ತಿದ್ದೆ.

ಡೆಂಗೆ ಟೈಮಲ್ಲಿ ಒಂದು ಬೆಡ್‌ನಲ್ಲಿ ಇಬ್ಬಿಬ್ರು ಮಕ್ಕಳು, ಕಾರಿಡಾರ್‌ನಲ್ಲಿ ಮಡಚೋ ಮಂಚ. ನಂಗೆ ಅಲ್ಲಿವರೆಗೂ ಗೊತ್ತಿರ್ಲಿಲ್ಲ, ಡೆಂಗೆಯಲ್ಲಿ ಜ್ವರ ಇದ್ದಾಗಕ್ಕಿಂತ ಜ್ವರ ಇಳಿಯೋ ಹೊತ್ತೇ ಡೇಂಜರ್ ಅಂತ. ಅಪ್ಪ ಅಮ್ಮ ಮಗು ತಣ್ಣಗಾಯ್ತು, ವಾಸಿ ಆಯ್ತು ಅಂತ ಮನೆಗೆ ಕರ್ಕೊಂಡು ಹೋಗೋಕೆ ರೆಡಿ ಆಗಿರ್ತಾರೆ, ಅದೇ ಹೊತ್ತಲ್ಲಿ ರಕ್ತನಾಳದಿಂದ ನೀರು ಸೋರಿ ಮಗು ಶಾಕ್‌ಗೆ ಹೋಗುತ್ತೆ. ಆಗ ಡ್ರಿಪ್ ಕಮ್ಮಿ ಆದ್ರೂ ಕಷ್ಟ, ಜಾಸ್ತಿ ಆದ್ರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತೆ, ಮಗು ತೂಕಕ್ಕೆ ತಕ್ಕಂತೆ ಗಂಟೆಗಂಟೆಗೆ ಲೆಕ್ಕ ಹಾಕಿ ಕೊಡ್ಬೇಕು. ಅಂದ್ರೆ ಪಂಪ್ ಗಂಟೆಗೆ 40 ಮಿಲಿ ಅಂತ ತೋರ್ಸಿದ್ರೆ 40ಏ ಹೋಗ್ಬೇಕು. ನಾವಿಬ್ರು ಮಳೆ ಶುರುವಾಗೋಕೆ ಮುಂಚೆ ಎಲ್ಲ ಪಂಪನ್ನೂ ಅಳತೆ ಗ್ಲಾಸಿಗೆ ಓಡಿಸಿ ವಾಚ್ ಹಿಡ್ಕೊಂಡು ಚೆಕ್ ಮಾಡಿದ್ವಿ, ಬೇಜಾರಿನ ಕೆಲ್ಸ, ಒಂದೊಂದಕ್ಕೂ ಒಂದೊಂದು ಗಂಟೆ, ಆ ಹುಡುಗ ಅಷ್ಟೊತ್ತೂ ಫೋನಲ್ಲಿ ಫುಟ್ಬಾಲ್ ನೋಡ್ತಿದ್ದ, ನಾನೂ ನೋಡ್ದೆ. ಆ ಸೀಸನ್‌ನಲ್ಲಿ ರಾತ್ರಿ ಎಷ್ಟೋ ಸಲ ಕರೆ ಬಂತು, ಬಹಳಷ್ಟು ಸಲ ಬ್ಯಾಟರಿ, ಇಲ್ಲಾಂದ್ರೆ ಟ್ಯೂಬ್ ಸರಿಯಾಗಿ ಕೂತಿರಲ್ಲ. ಎಲ್ಲ ಮಕ್ಕಳೂ ಉಳೀಲಿಲ್ಲ. ಮೆಷಿನ್ ಸರಿ ಇದ್ದೂ ಉಳೀದೇ ಇದ್ದಾಗ ನನಗೆ ಅಲ್ಲಿ ಮಾಡೋಕೆ ಏನೂ ಇರ್ತಿರ್ಲಿಲ್ಲ, ಮಾನಿಟರ್ ಒರೆಸಿ ಮುಂದಿನ ಬೆಡ್‌ಗೆ ತಳ್ಳೋದು ಅಷ್ಟೇ.

ಫ್ರೀ ಆಸ್ಪತ್ರೆ ಅಂದ್ರೆ ಮನೆಯವರಿಗೆ ಖರ್ಚೇ ಇಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ತೊನ್ಲೆ ಸಾಪ್ ಮೇಲೆ ತೇಲೋ ಹಳ್ಳಿಗಳಿವೆ, ಮಳೆಗಾಲದಲ್ಲಿ ಮೆಕಾಂಗ್ ನದಿ ನೀರು ಉಲ್ಟಾ ಹರಿದು ಬಂದು ಸರೋವರ ನಾಕೈದು ಪಟ್ಟು ದೊಡ್ಡದಾಗುತ್ತೆ, ಮನೆಗಳೂ ನೀರಿನ ಜೊತೆ ಜಾಗ ಬದಲಾಯಿಸ್ತವೆ. ಅಲ್ಲಿಂದ ಬರೋರು ಮೊದ್ಲು ದೋಣಿ, ಆಮೇಲೆ ಬೈಕ್ ಹಿಂದೆ ಕಟ್ಟಿದ ಗಾಡಿ, ಆಮೇಲೆ ವ್ಯಾನು. ಅಮ್ಮ ಮಗು ಜೊತೆ ಇದ್ರೆ ಮೀನು ಹಿಡಿಯೋಕೆ ಅಪ್ಪ ಒಬ್ನೇ, ಮನೇಲಿರೋ ಇನ್ನಿಬ್ರು ಮಕ್ಕಳನ್ನ ಅಜ್ಜಿ ನೋಡ್ಕೋಬೇಕು, ಬಡ್ಡಿಗೆ ಸಾಲ ತಂದಿರ್ತಾರೆ. ಐದನೇ ದಿನ ಹೊತ್ತಿಗೆ ಇನ್ನೂ ಆಂಟಿಬಯಾಟಿಕ್ ಮುಗಿದಿರಲ್ಲ, ಹೊರಟ್ಬಿಡ್ತಾರೆ. ಡಾಕ್ಟ್ರು ಬೈದ್ರೆ ಏನೂ ಆಗಲ್ಲ, ಅದಕ್ಕೆ ಅಲ್ಲಿ ಬಸ್ ಚಾರ್ಜ್ ಕೊಡ್ತಿದ್ರು, ಅಮ್ಮನಿಗೂ ಮೂರು ಹೊತ್ತು ಊಟ, ಹಿತ್ತಲಲ್ಲಿ ಅಡುಗೆ ಮಾಡ್ಕೊಳ್ಳೋಕೆ ಜಾಗ. ದಾನಿಗಳಿಗೆ ಬಸ್ ಚಾರ್ಜಿಗೆ ದುಡ್ಡು ಕೊಡಿ ಅಂದ್ರೆ ಮುಖ ಸಣ್ಣ ಮಾಡ್ತಾರೆ, ವೆಂಟಿಲೇಟರ್ ಆದ್ರೆ ಹೆಸ್ರು ಕೆತ್ತಿಸ್ಬೋದಲ್ಲ. ಕೆಲವು ಮಕ್ಕಳ ಬೆನ್ನು ಎದೆ ಮೇಲೆ ಉದ್ದುದ್ದ ಕೆಂಪು ಗೆರೆ ಇರ್ತಿತ್ತು, ಮೊದ್ಲ ಸಲ ನೋಡಿ ಯಾರೋ ಹೊಡೆದಿದಾರೆ ಅಂತ ಗಾಬರಿ ಆದೆ. ಜ್ವರ ಬಂದ್ರೆ ಮನೆಯಲ್ಲಿ ನಾಣ್ಯದಿಂದ ಮೈ ಉಜ್ಜೋದು ಅಲ್ಲಿಯ ಮದ್ದು ಅಂತ ನರ್ಸ್ ಹೇಳಿದ್ರು, ಅವರೂ ಚಿಕ್ಕವರಿದ್ದಾಗ ಉಜ್ಜಿಸ್ಕೊಂಡಿದ್ರಂತೆ, ಈಗ್ಲೂ ತಲೆನೋವು ಬಂದ್ರೆ ಉಜ್ಕೋತಾರಂತೆ.

ದಿನದ ಬದುಕಿನ ಬಗ್ಗೆ ಹೇಳೋಕೆ ಅಷ್ಟೇನಿಲ್ಲ. ಡಾಲರ್ರು ರಿಯಲ್ಲು ಎರಡೂ ಓಡುತ್ತೆ, ಒಂದು ಡಾಲರ್‌ಗೆ ಸುಮಾರು 4,000 ರಿಯಲ್, ನೋಟು ಒಂದು ಕೂದಲೆಳೆ ಹರಿದಿದ್ರೂ ಡಾಲರ್ ತಗೊಳ್ಳಲ್ಲ. ಭಾಷೆ ಮಾತಾಡೋಕೆ ಕಷ್ಟ ಪಟ್ಟೆ, ಓದೋಕೆ ಅಷ್ಟು ಕಷ್ಟ ಆಗ್ಲಿಲ್ಲ, ಅಕ್ಷರಮಾಲೆ ಕ ಖ ಅಂತಾನೇ ಶುರುವಾಗುತ್ತೆ, ಒತ್ತಕ್ಷರನೂ ನಮ್ಮ ಥರಾನೇ ಕೆಳಗೆ ಬರುತ್ತೆ. ಒಂಟಿತನ ಇತ್ತು, ಆರನೇ ತಿಂಗಳ ಹೊತ್ತಿಗೆ ಜೋರಾಗೇ ಇತ್ತು. ಅದಕ್ಕೆ ಮದ್ದು ಯಾರೂ ಕೇಳ್ಬೇಡಿ, ನಂಗೆ ತಾನಾಗೇ ಹೋಯ್ತು.

ಜಗಳ ಆಡಿದ್ದು ಒಂದು ವಿಷ್ಯಕ್ಕೆ ಮಾತ್ರ. ಹೊಸ ದಾನದ ಕಂಟೇನರ್ ಬರುತ್ತೆ ಅಂತ ಸುದ್ದಿ ಬಂತು, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಬಂದ್ಮೇಲೆ ನೋಡೋಣ ಅಂತ ಮ್ಯಾನೇಜ್‌ಮೆಂಟ್. ಬಂದ್ಮೇಲೆ ಬಂದರಿನಿಂದ ಬಿಡಿಸ್ಕೊಳ್ಳೋ ಖರ್ಚು, ಲಾರಿ ಖರ್ಚು, ಇಡೋ ಜಾಗ ಎಲ್ಲ ನಮ್ಮ ತಲೆ ಮೇಲೆ, ಕೊನೆಗೆ ಬಿಸಾಡೋಕೂ ದುಡ್ಡು ಕೊಡ್ಬೇಕು. ನಾವು ಒಂದು ಪುಟದ ಫಾರಂ ಮಾಡಿದ್ವಿ. ಎಷ್ಟು ವೋಲ್ಟು, ಯಾವ ವರ್ಷದ್ದು, ಟ್ಯೂಬ್ ಫಿಲ್ಟರ್ ಥರದ್ದು ಎರಡು ವರ್ಷಕ್ಕೆ ಆಗೋಷ್ಟು ಜೊತೆಗೆ ಬರುತ್ತಾ, ಇಂಗ್ಲಿಷ್ ಸರ್ವಿಸ್ ಮ್ಯಾನ್ಯುಯಲ್ ಇದೆಯಾ, ಅಕ್ಕಪಕ್ಕದ ದೇಶದಲ್ಲಾದ್ರೂ ಪಾರ್ಟ್ ಸಿಗುತ್ತಾ. ತುಂಬಿ ಕಳಿಸಿದ್ರೆ ಮಾತ್ರ ತಗೋತೀವಿ. ದಾನ ಕೊಡೋರಿಗೆ ಷರತ್ತು ಹಾಕೋದಾ, ಬೇಜಾರ್ ಮಾಡ್ಕೊಂಡು ದುಡ್ಡು ಕೊಡೋದೂ ನಿಲ್ಲಿಸಿದ್ರೆ ಅಂತ ಭಯ, ಆ ಭಯ ಸುಳ್ಳೇನಲ್ಲ, ಸಂಬಳ ಅದರಲ್ಲೇ ಬರೋದು. ಮೀಟಿಂಗ್ ಮೇಲೆ ಮೀಟಿಂಗ್ ಆಯ್ತು. ಕೊನೆಗೆ ಫೈನಾನ್ಸ್‌ನವರು ಹಳೇ ಕಂಟೇನರ್‌ದು ಬಿಲ್ ತೆಗೆದು ಇಟ್ಟ ಮೇಲೆ ಒಪ್ಕೊಂಡ್ರು, ನನ್ನ ಭಾಷಣಕ್ಕಿಂತ ಆ ಬಿಲ್ಲೇ ಮಾತಾಡ್ತು. ಫಾರಂ ಕಳಿಸಿದ ಮೇಲೆ ಕೆಲವ್ರು ಉತ್ತರ ಕೊಡ್ಲಿಲ್ಲ, ಒಬ್ರು ಸಿಟ್ಟಾದ್ರು, ಒಬ್ರು ಮಾತ್ರ ಸರಿ ಹಾಗಾದ್ರೆ ನಿಮಗೆ ಏನ್ ಬೇಕು ಹೇಳಿ ಅಂದ್ರು. ನಾವು ಕಳಿಸಿದ ಪಟ್ಟೀಲಿ ಸೆನ್ಸರ್ ವೈರು, ಫಿಲ್ಟರ್, ಜಿಯೋಲೈಟ್ ಕೊಳವೆ, ಬ್ಯಾಟರಿ ಇಷ್ಟೇ ಇದ್ದಿದ್ದು. ಒಂದು ಹೊಸ ಮಾನಿಟರ್‌ಗಿಂತ ಕಮ್ಮಿ ದುಡ್ಡಲ್ಲಿ ಅರ್ಧ ಸ್ಟೋರ್ ರೂಮ್ ಮತ್ತೆ ವಾರ್ಡಿಗೆ ಹೋಯ್ತು.

ಹೋಗ್ಬೇಕು ಅನ್ನೋರು ಅಲ್ಲಿ ಕೇಳ್ಬೇಕಾದ ಪ್ರಶ್ನೆ ಒಂದಿದೆ: ನಾನು ಯಾರ ಜೊತೆ ಕೆಲ್ಸ ಮಾಡ್ತೀನಿ, ಅವ್ರು ನಾನು ಹೋದ್ಮೇಲೂ ಅಲ್ಲೇ ಇರ್ತಾರಾ? ಯಾರೂ ಇಲ್ಲ, ನೀವೇ ಎಲ್ಲ ನೋಡ್ಕೋಬೇಕು ಅಂದ್ರೆ ಹೆಮ್ಮೆ ಪಡ್ಬೇಡಿ, ಅದು ಕೆಟ್ಟ ಸೂಚನೆ. ಡಾಕ್ಟರ್ ನರ್ಸ್‌ಗಳಿಗೂ ಇದೇ ಮಾತು, ನನ್ನ ಜೊತೆ ಇದ್ದ ಒಬ್ಬ ಐಸಿಯು ನರ್ಸ್ ವಾಲಂಟಿಯರ್ ವರ್ಷ ಪೂರ್ತಿ ಒಂದು ಮಗುಗೂ ತಾನೇ ಸೂಜಿ ಚುಚ್ಚಲಿಲ್ಲ, ಪಕ್ಕದಲ್ಲಿ ನಿಂತು ಅಲ್ಲಿಯವರ ಕೈಲೇ ಚುಚ್ಚಿಸಿದ್ರು. ಕೈ ತುರಿಸುತ್ತೆ ಅಂತಿದ್ರು ಪಾಪ.

ಕೊನೇ ತಿಂಗಳು ನಾನು ಆಫೀಸಲ್ಲಿ ಕೂತ್ಕೊಂಡು ರಿಜಿಸ್ಟರ್ ತಿದ್ದೋದು ಬಿಟ್ರೆ ಬೇರೆ ಏನೂ ಮಾಡ್ಬಾರದು ಅಂತ ನಾವಿಬ್ರೇ ರೂಲ್ ಮಾಡ್ಕೊಂಡ್ವಿ. ಕರೆ ಬಂದ್ರೆ ಅವನೇ ಹೋಗೋದು, ಆಗ್ಲಿಲ್ಲ ಅಂದ್ರೆ ಮಾತ್ರ ನನ್ನ ಕರೆಯೋದು. ಶುರುವಲ್ಲಿ ಕರೀತಿದ್ದ, ಆಮೇಲಾಮೇಲೆ ಕರೀಲಿಲ್ಲ, ನನಗೆ ಹೇಳ್ದೇನೇ ಫ್ನೋಮ್ ಪೆನ್‌ನ ಸಪ್ಲೈಯರ್ ಜೊತೆ ಫೋನಲ್ಲಿ ಕೂಗಾಡಿ ತಪ್ಪು ಬಂದಿದ್ದ ಪಾರ್ಟ್ ವಾಪಸ್ ಕಳಿಸಿದ್ದು ಬಿಲ್ ನೋಡಿದಾಗ ಗೊತ್ತಾಯ್ತು. ನಾನು ಹೊರಟ ಮೇಲೆ ಆ ಪೋಸ್ಟಿಗೆ ಇನ್ನೊಬ್ಬ ವಿದೇಶಿ ವಾಲಂಟಿಯರ್ ಕರೀಲಿಲ್ಲ. ನನ್ನ ರೂಮು, ಪರ್ಮಿಟ್ಟು, ವೀಸಾ ಅಂತ ಆಗ್ತಿದ್ದ ಖರ್ಚಿಗೆ ಇನ್ನೊಂಚೂರು ಸೇರಿಸಿ ಅಲ್ಲಿಯವಳೇ ಒಬ್ಬ ಹುಡುಗೀನ ಟೆಕ್ನಿಷಿಯನ್ ಅಂತ ತಗೊಂಡಿದಾರೆ, ಜನರೇಟರ್ ಈಗ ಬೇರೆಯವರು ನೋಡ್ಕೋತಾರಂತೆ. ಸೋಮವಾರದ ಅಳತೆ ಶೀಟನ್ನ ಅವಳು ಫೋನ್‌ಗೆ ಹಾಕಿದಾಳೆ, ನನ್ನ ಕಾಲಂಗಳಲ್ಲಿ ಎರಡನ್ನ ಬೇಡ ಅಂತ ತೆಗೆದೂ ಹಾಕಿದಾಳೆ.